ಏಳಡಿಯ ಅಕ್ಷರ

ನಮ್ಮ ಮನೆಯಲ್ಲಿ ಅಕ್ಷರದ ಗೆರೆ ಅಬ್ಬುವಿನದು, ಹೊಟ್ಟೆ ನಮ್ಮದು. ಅಬ್ಬು ಅಂದರೆ ನನ್ನ ತಂದೆ. ಬೆಂಗಳೂರಿನ ಕಲಾಸಿಪಾಳ್ಯದ ಹಿಂದಿನ ಒಂದು ಓಣಿಯಲ್ಲಿ ಕೂತು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು. ನಾವು ಮನೆಯಲ್ಲಿ ಆಡುತ್ತಿದ್ದುದು ಉರ್ದು, ಹೊಟ್ಟೆ ತುಂಬಿಸುತ್ತಿದ್ದುದು ಕನ್ನಡ. ಅಬ್ಬು ತಗಡಿನ ಹಲಗೆಯ ಮೇಲೆ ಸುಣ್ಣದ ದಾರ ಬಡಿದು ನೇರ ಗೆರೆ ಮೂಡಿಸಿ, ಪೆನ್ಸಿಲಿನಲ್ಲಿ ಅಕ್ಷರದ ಅಂಚನ್ನು ಎಳೆದು, ಹಲಗೆಯನ್ನು ಅಂಗಳದಲ್ಲಿ ಮಲಗಿಸಿ ಮುಂದಿನ ಗಿರಾಕಿಯನ್ನು ನೋಡಲು ಹೋಗುತ್ತಿದ್ದರು. ಅಮ್ಮಿ ಮತ್ತು ನಾನು ಎದುರುಬದುರು ಕುಕ್ಕರಗಾಲಲ್ಲಿ ಕೂತು ಅಂಚಿನೊಳಗೆ ಬಣ್ಣ ತುಂಬುತ್ತಿದ್ದೆವು. ಗೆರೆ ದಾಟಿ ಒಂದು ಕೂದಲೆಳೆಯಷ್ಟು ಬಣ್ಣ ಹೊರಗೆ ಹೋದರೂ ಅಬ್ಬುವಿನ ಕಣ್ಣಿಗೆ ಬೀಳುತ್ತಿತ್ತು. ಏಳನೇ ಕ್ಲಾಸಿನಿಂದ ಮದುವೆಯಾಗುವ ತನಕ ನಾನು ಮಾಡಿದ್ದು ಅದೇ ಕೆಲಸ. ಒಂದು ಸಲ ಖಾಲಿ ಹಲಗೆಯ ಮುಂದೆ ಪೆನ್ಸಿಲ್ ಹಿಡಿದು ಕೂತಿದ್ದಾಗ ಅಬ್ಬು ಅದನ್ನು ಮೆಲ್ಲಗೆ ತೆಗೆದುಕೊಂಡು ಕಿವಿಯ ಹಿಂದೆ ಸಿಕ್ಕಿಸಿಕೊಂಡರು. ಬೈಯಲಿಲ್ಲ. ಹಲಗೆ ಹಾಳಾದರೆ ಗಿರಾಕಿಗೆ ಏನು ಹೇಳುವುದು ಎಂಬ ಯೋಚನೆ ಅವರದು. ನಾನೂ ಮತ್ತೆ ಕೇಳಲಿಲ್ಲ.

ಈಗ ನಾನಿರುವುದು ಐರ್ಲೆಂಡಿನ ಡಬ್ಲಿನ್ ಪಕ್ಕದ ಬ್ಲಾಂಚರ್ಡ್ಸ್‌ಟೌನಿನ ಒಂದು ಬಾಡಿಗೆ ಮನೆಯಲ್ಲಿ. ಗಂಡನಿಗೆ ಅಲ್ಲೇ ಟೆಕ್ ಪಾರ್ಕಿನಲ್ಲಿ ಕೆಲಸ. ನನಗೆ ಕ್ಲಾಂಡಾಲ್ಕಿನ್‌ನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಅಂಗಡಿಗಳಿಗೆ ಕೌಂಟರು, ಕಪಾಟು ಮಾಡಿಕೊಡುವ ಒಂದು ಮರಗೆಲಸದ ಶೆಡ್ಡಿನಲ್ಲಿ. ಹನ್ನೊಂದು ವರ್ಷದಿಂದ ಅಲ್ಲಿ ಉಜ್ಜುತ್ತೇನೆ, ಬಣ್ಣ ಹೊಡೆಯುತ್ತೇನೆ. ಬೇರೆಯವರು ಎಳೆದದ್ದನ್ನು ತುಂಬುವ ಕೆಲಸ ಸಮುದ್ರ ದಾಟಿದರೂ ನನ್ನನ್ನು ಬಿಡಲಿಲ್ಲ ಎಂದು ಗಂಡ ತಮಾಷೆ ಮಾಡುತ್ತಾನೆ. ಅವನ ತಮಾಷೆಗೆ ನಾನು ನಗುವುದು ಕಡಿಮೆ.

ಶೆಡ್ಡಿನ ಮೇಸ್ತ್ರಿ ಅರವತ್ತು ದಾಟಿದ ಐರಿಷ್ ಮನುಷ್ಯ. ಕೆಲಸ ಚೆನ್ನಾಗಿದ್ದರೆ 'ಗ್ರ್ಯಾಂಡ್' ಅನ್ನುತ್ತಾರೆ. ಕೆಟ್ಟಿದ್ದರೂ 'ಗ್ರ್ಯಾಂಡ್' ಅನ್ನುತ್ತಾರೆ, ಆದರೆ ಆಗ ಕಣ್ಣು ಸ್ವಲ್ಪ ಕಿರಿದಾಗುತ್ತದೆ. ಯಾವ ಗ್ರ್ಯಾಂಡ್ ಯಾವುದು ಎಂದು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು.

ಕಳೆದ ಜೂನಿನಲ್ಲಿ ಒಂದು ಬೆಳಿಗ್ಗೆ ಒಬ್ಬಳು ಹುಡುಗಿ ಲ್ಯಾಪ್‌ಟಾಪ್ ತಬ್ಬಿಕೊಂಡು ಶೆಡ್ಡಿಗೆ ಬಂದಳು. ಮೇಸ್ತ್ರಿಯ ಜೊತೆ ಮಾತಾಡಿ, ಮುಖ ಇಳಿಸಿಕೊಂಡು ಬಾಗಿಲ ಬಳಿ ನಿಂತು ಫೋನಿನಲ್ಲಿ ಹೇಳುತ್ತಿದ್ದಳು: "ಇಲ್ಲೂ ಆಗಲ್ಲ ಅನ್ಸುತ್ತೆ ಕಣೇ. ಇದು ಮೂರನೇ ಕಡೆ."

ನಾನು ಧೂಳಿನ ಮಾಸ್ಕ್ ಕೆಳಗೆಳೆದು, "ಏನಾಗಲ್ಲ?" ಅಂದೆ.

ಅವಳು ಫೋನು ಬೀಳಿಸುವುದೊಂದು ಬಾಕಿ. "ಅಯ್ಯೋ, ನೀವು ಕನ್ನಡದವ್ರಾ?"

ದಾವಣಗೆರೆಯವಳು. ಡಬ್ಲಿನ್ನಿಗೆ ಹತ್ತಿರದ ಸಣ್ಣ ಊರಾದ ಮೇನೂತ್‌ನಲ್ಲಿ ರೂಮು ಮಾಡಿಕೊಂಡು ವಿನ್ಯಾಸದಲ್ಲಿ ಮಾಸ್ಟರ್ಸ್ ಓದುತ್ತಿದ್ದಳು. ಕೊನೆಯ ಪ್ರಾಜೆಕ್ಟಿಗೆ ಅವಳು ಯೋಚಿಸಿದ್ದು ಕೇಳಿ ನನಗೆ ಮೊದಲು ನಗು ಬಂತು. ಮೇನೂತ್‌ನ ಕಾಲುವೆ ದಂಡೆಯ ಹುಲ್ಲಿನ ಮೇಲೆ 'ಬನ್ನಿ' ಅಂತ ಕನ್ನಡದಲ್ಲಿ ಬರೆಯಬೇಕಂತೆ, ಪ್ಲೈವುಡ್ಡಿನಲ್ಲಿ, ಆಳಿಗಿಂತ ಎತ್ತರಕ್ಕೆ. ಅಕ್ಷರ ಚಪ್ಪಟೆಯಾಗಿ ಇರುವುದಿಲ್ಲ. ಅದರ ಅಂಚೇ ಗೋಡೆ, ಅದರ ಹೊಟ್ಟೆಯೇ ಕೋಣೆ, ಹಿಂದೆ ಮುಂದೆ ತೆರೆದೇ ಇರುತ್ತದೆ. ದಾರಿಯಲ್ಲಿ ಹೋಗುವವರು ಒಳಗೆ ಬಂದು ಕೂರಬೇಕು.

"ಇದು ಓದೋ ಅಕ್ಷರ ಅಲ್ಲ ಆಂಟಿ, ಒಳಗೆ ಹೋಗೋ ಅಕ್ಷರ" ಅಂದಳು.

"ಇಲ್ಲಿ ಓದೋರು ಯಾರಿದ್ದಾರಮ್ಮ? ಒಳಗೆ ಹೋಗೋದೊಂದೇ ಗತಿ" ಅಂದೆ.

ಅವಳು ನಗಲಿಲ್ಲ. ನಗುವ ಸ್ಥಿತಿಯಲ್ಲಿರಲಿಲ್ಲ. ಕಾಲುವೆ ನೋಡಿಕೊಳ್ಳುವವರಿಂದ ಆಗಸ್ಟಿನಲ್ಲಿ ಮೂರು ವಾರಕ್ಕೆ ಅನುಮತಿ ಸಿಕ್ಕಿತ್ತು. ಷರತ್ತು ಒಂದೇ: ನೆಲ ಅಗೆಯುವಂತಿಲ್ಲ. ಒಂದು ಗುದ್ದಲಿ ಏಟೂ ಹಾಕುವಂತಿಲ್ಲ, ಕೆಳಗೆ ಕೇಬಲ್ ಇದೆ. ಮೊದಲ ವಾರದ ಶುಕ್ರವಾರ ಪರೀಕ್ಷಕರು ಅಲ್ಲಿಗೇ ಬಂದು ನೋಡುತ್ತಾರೆ. ಆ ದಿನ ಅದು ನಿಂತಿರದಿದ್ದರೆ ತೋರಿಸಲು ಅವಳ ಬಳಿ ಏನೂ ಇಲ್ಲ. ಪದವಿ ಇಲ್ಲ, ಪದವಿ ಇಲ್ಲದಿದ್ದರೆ ಇಲ್ಲಿ ಉಳಿಯುವುದೂ ಇಲ್ಲ. ಇದನ್ನೆಲ್ಲ ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ಮರವನ್ನು ಯಾರೋ ದಾನವಾಗಿ ಕೊಟ್ಟಿದ್ದರು, ಮಾಡಿಕೊಡುವವರು ಮಾತ್ರ ಸಿಕ್ಕಿರಲಿಲ್ಲ.

ಮೇಸ್ತ್ರಿ ಅವಳ ಕಂಪ್ಯೂಟರಿನ ಅಕ್ಷರವನ್ನು ತಲೆ ಓರೆ ಮಾಡಿ ನೋಡಿದರು. ಮಾಡುವುದಕ್ಕೆ ಅಡ್ಡಿಯಿಲ್ಲ, ಆದರೆ ಈ ಕತ್ತು ಇಷ್ಟು ಸಪೂರವಾದರೆ ಗಾಳಿಗೆ ಮುರಿಯುತ್ತದೆ, ಇದನ್ನು ದಪ್ಪ ಮಾಡಿ ನಿಜವಾದ ಅಳತೆಯಲ್ಲಿ ಕೈಯಿಂದ ಎಳೆಯಬೇಕು ಅಂದರು. ತಾವು ಎಳೆಯಲಾರರು, ಯಾಕೆಂದರೆ ದಪ್ಪ ಎಲ್ಲಿ ಮಾಡಿದರೆ ಅಕ್ಷರ ಕೆಡುತ್ತದೆ, ಎಲ್ಲಿ ಮಾಡಿದರೆ ಕೆಡುವುದಿಲ್ಲ ಎಂದು ಅವರಿಗೆ ಗೊತ್ತಿಲ್ಲ. ಯಾರಿಗೆ ಗೊತ್ತು ಎಂದು ಕೇಳಿದರು.

"ನನಗೆ" ಅಂದೆ.

ಹುಡುಗಿ ತಿರುಗಿ ನೋಡಿದಳು. ನಮ್ಮ ಅಬ್ಬು ಬೋರ್ಡು ಬರೀತಿದ್ರು ಅಂದೆ. "ನೀವೂ ಬರೀತಿದ್ರಾ?" ಅಂದಳು.

"ಮತ್ತೆ?" ಅಂದೆ.

ಆ 'ಮತ್ತೆ' ಸುಳ್ಳು. ನನ್ನ ಬಾಯಿಂದ ಅದು ಅಷ್ಟು ಸಲೀಸಾಗಿ ಬಂದದ್ದು ಕಂಡು ನನಗೇ ಆಶ್ಚರ್ಯವಾಯಿತು. ಆ ಕ್ಷಣಕ್ಕೆ ಅವಳ ಒಂದು ವರ್ಷದ ಓದು, ಇಲ್ಲಿ ಉಳಿಯುವ ಅವಳ ಆಸೆ ಎಲ್ಲವೂ ಜನ್ಮದಲ್ಲಿ ಒಂದಕ್ಷರದ ಗೆರೆ ಎಳೆಯದ ಕೈಗೆ ಬಂದು ಬಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಮೂರು ಶನಿವಾರ ಬೆಳಿಗ್ಗೆ, ಶೆಡ್ಡು ಖಾಲಿಯಿದ್ದಾಗ, ಎಳೆದೆ. ತೆಳು ಹಲಗೆಗಳನ್ನು ನೆಲದ ಮೇಲೆ ಜೋಡಿಸಿ ಟೇಪು ಹಚ್ಚಿದ್ದೆವು. ಮೊದಲ ದಿನ ಸುಮ್ಮನೆ ಎರಡು ಸಲ ಕೈ ತೊಳೆದು ಬಂದೆ, ಒಂದು ಸಲ ಚಹಾ ಕುಡಿದೆ. ಕೊನೆಗೆ ಹುಡುಗಿಯನ್ನು ಏನೋ ನೆಪ ಹೇಳಿ ಅಂಗಡಿಗೆ ಅಟ್ಟಿ, ಮೊಣಕಾಲೂರಿ ಕೂತೆ. ಏಳಡಿ ಅಕ್ಷರ ಅಂತ ತೀರ್ಮಾನವಾಗಿತ್ತು. ಮೇಲೊಂದು, ಕೆಳಗೊಂದು ದಾರ ಬಡಿದೆ. 'ಬ'ದ ಎಡಗಡೆಯ ತಿರುವಿನಿಂದ ಶುರು ಮಾಡಿದೆ.

ಕೈಗೆ ಗೊತ್ತಿತ್ತು. ಇದನ್ನು ಬೇರೆ ಹೇಗೆ ಹೇಳಬೇಕೋ ತಿಳಿಯದು. ಸಾವಿರಾರು ಸಲ ಅಂಚಿನ ಒಳಗಿನಿಂದ ಬಣ್ಣ ತಂದು ಗೆರೆಯ ಹತ್ತಿರ ನಿಲ್ಲಿಸಿದ ಕೈಗೆ ಆ ಗೆರೆ ಎಲ್ಲಿ ಬಾಗುತ್ತದೆ, ಎಲ್ಲಿ ಉಬ್ಬುತ್ತದೆ, ಎಲ್ಲಿ ಸಣ್ಣಗಾಗಿ ಉಸಿರು ಬಿಡುತ್ತದೆ ಎಂದೆಲ್ಲ ಬಾಯಿಪಾಠವಾಗಿತ್ತು. ಕಂಪ್ಯೂಟರಿನ ಸಪೂರ ಕತ್ತನ್ನು ನಾನು ಒಳಗಿನಿಂದ ದಪ್ಪ ಮಾಡಿದೆ, ಹೊರಗಿನ ಅಂಚನ್ನು ಮುಟ್ಟಲಿಲ್ಲ. 'ಬ' ಹಾಗೇ ಮೇಲೆ ಬಾಯಿ ಬಿಟ್ಟು ತುಂಬು ಹೊಟ್ಟೆಯಿಂದ ಕೂತಿತು. 'ನಿ'ಯ ಗುಡಿಸು ಸುತ್ತಿ ಬಂದು ಮಾಡಿನ ಹಾಗೆ ಬಾಗಿತು. ಹುಡುಗಿ ಬರುವಷ್ಟರಲ್ಲಿ ನಾನು ಅಳುತ್ತಿದ್ದೆ. ಧೂಳು ಅಂದೆ. ಅಂದು ಯಾರೂ ಮರ ಕೊಯ್ದಿರಲಿಲ್ಲ, ಆದರೂ ಅವಳು ನಂಬಿದಳು, ಅಥವಾ ನಂಬಿದ ಹಾಗೆ ಮಾಡಿದಳು.

ಎರಡನೆಯ ಶನಿವಾರದ ಹೊತ್ತಿಗೆ ನನಗೆ ಕೊಂಬು ಬಂದಿತ್ತು. ಅವಳು ಏನು ಕೇಳಿದರೂ "ನಿಮ್ಮ ಕಂಪ್ಯೂಟರ್ ಹುಡುಗ್ರಿಗೆ ಇದೆಲ್ಲ ತಿಳಿಯಲ್ಲ" ಅನ್ನುತ್ತಿದ್ದೆ. ಕೊನೆಯ ದಿನ 'ನಿ'ಯ ಕೆಳಗೆ ನ-ಒತ್ತನ್ನು ಎಳೆಯುತ್ತಿದ್ದಾಗ ಅವಳು ಪಕ್ಕದಲ್ಲಿ ಕೂತು ಕೇಳಿದಳು: "ಆಂಟಿ, ಇದು ಎಲ್ಲಿ ಕೂರುತ್ತೆ?"

"ಕೆಳಗೆ ಇಳಿಯುತ್ತೆ. ಒತ್ತು ಮತ್ತೆಲ್ಲಿಗೆ ಹೋಗುತ್ತೆ?"

"ಅಲ್ಲ, ಏಳಡಿ ಅಂದ್ರೆ ಇದೂ ಸೇರಿ..."

"ಅಕ್ಷರದ ಅಳತೆ ನನಗೆ ಹೇಳಿಕೊಡಬೇಡಮ್ಮ" ಅಂದೆ. ಅವಳು ಸುಮ್ಮನಾದಳು. ನಮ್ಮ ಮಕ್ಕಳಿಗೆ ದೊಡ್ಡವರು ಬಾಯಿ ಮುಚ್ಚಿಸಿದರೆ ಮುಚ್ಚಿಕೊಳ್ಳುವ ಅಭ್ಯಾಸ ಇನ್ನೂ ಹೋಗಿಲ್ಲ. ಆ ದಿನ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು.

ಜುಲೈ ಪೂರ್ತಿ ಮೇಸ್ತ್ರಿ ತಮ್ಮ ಬಿಡುವಿನಲ್ಲಿ ಕೊಯ್ದರು, ಬಾಗುವ ಪ್ಲೈಯನ್ನು ಅಂಚಿಗೆ ಸುತ್ತಿ ಮೊಳೆ ಹೊಡೆದರು. ನಾನು ಉಜ್ಜಿದೆ, ಹೊರಗೆ ಸುಣ್ಣದ ಬಿಳಿ, ಒಳಗೆ ಅರಿಸಿನದ ಹಳದಿ ಬಳಿದೆ. ಹುಡುಗಿ ವಾರಕ್ಕೆ ನಾಲ್ಕು ದಿನ ಮೇನೂತ್‌ನಿಂದ ಎರಡು ಬಸ್ ಬದಲಿಸಿ ಬಂದು ಮೊಳೆ ಹಿಡಿದಳು. ಈ ಎಲ್ಲ ದಿನ ಅಕ್ಷರಗಳು ಶೆಡ್ಡಿನ ನೆಲದ ಮೇಲೆ ಅಂಗಾತ ಮಲಗಿದ್ದವು. ಒತ್ತು 'ನಿ'ಯ ಕಾಲಡಿ ಹಾಯಾಗಿ ಬಿದ್ದಿತ್ತು. ನಮಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು.

ಆಗಸ್ಟಿನಲ್ಲಿ, ಪರೀಕ್ಷಕರು ಬರುವ ವಾರದ ಮಂಗಳವಾರ ವ್ಯಾನಿನಲ್ಲಿ ತುಂಬಿಕೊಂಡು ಮೇನೂತ್‌ಗೆ ಹೋದೆವು. ಹುಡುಗಿಯ ನಾಲ್ಕೈದು ಗೆಳೆಯರು ಹೆಗಲು ಕೊಟ್ಟರು. 'ಬ' ನಿಂತಿತು. ಆ ಹುಲ್ಲಿನ ಮೇಲೆ, ಬೂದು ಆಕಾಶದ ಕೆಳಗೆ, ನನಗಿಂತ ಒಂದೂಮುಕ್ಕಾಲು ಅಡಿ ಎತ್ತರ ನಿಂತ ಕನ್ನಡದ ಅಕ್ಷರ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ 'ನಿ'ಯನ್ನು ಎತ್ತಿ ಪಕ್ಕದಲ್ಲಿ ನಿಲ್ಲಿಸಿದೆವು. ಅದೂ ನಿಂತಿತು, ಭದ್ರವಾಗಿ, ಹುಲ್ಲಿಗೆ ಅಂಟಿಕೊಂಡು.

ಹುಡುಗಿ ಒತ್ತನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದುಕೊಂಡು ಬಂದಳು. ಬಂದು ನಿಂತಳು. ಅದನ್ನು ಇಡಲು ಜಾಗವಿರಲಿಲ್ಲ. 'ನಿ'ಯ ಕೆಳಗೆ ನೆಲ, ನೆಲದ ಕೆಳಗೆ ಕೇಬಲ್.

ಏನಾಯಿತು ಎಂದು ನನಗೆ ತಕ್ಷಣ ಹೊಳೆಯಿತು. ಬೋರ್ಡು ಬರೆಯುವವರು ಎರಡಡಿ ಅಕ್ಷರ ಅಂದರೆ ಮೇಲಿನ ದಾರದಿಂದ ಕೆಳಗಿನ ದಾರಕ್ಕೆ ಎರಡಡಿ. ಒತ್ತು ಲೆಕ್ಕಕ್ಕಿಲ್ಲ. ಒತ್ತು ದಾರ ದಾಟಿ ಕೆಳಗಿನ ಖಾಲಿ ಜಾಗಕ್ಕೆ ಇಳಿಯುತ್ತದೆ, ಹಲಗೆಯಲ್ಲಿ ಅಂಥ ಜಾಗ ಯಾವಾಗಲೂ ಇರುತ್ತದೆ, ಬಿಡುವುದು ಅಬ್ಬುವಿನ ಕೆಲಸ. ನಾನು ಕಿವಿಯಲ್ಲಿ ಕೇಳಿಸಿಕೊಂಡಿದ್ದ ಅಳತೆ ಅದೊಂದೇ, ಅದನ್ನೇ ಕೊಟ್ಟಿದ್ದೆ. ನೆಲದ ಮೇಲೆ ನಿಲ್ಲುವ ಅಕ್ಷರಕ್ಕೆ ಕೆಳಗಿನ ಜಾಗ ಎಂಬುದು ಇರುವುದಿಲ್ಲ ಅಂತ ನನ್ನ ತಲೆಗೆ ಹೋಗಿರಲಿಲ್ಲ. ಮೇಸ್ತ್ರಿಗೆ ಅಕ್ಷರ ಗೊತ್ತಿಲ್ಲ, ಆ ತುಂಡನ್ನು ಪಕ್ಕದಲ್ಲಿಡುವ ಬೆಂಚು ಅಂದುಕೊಂಡಿದ್ದರಂತೆ. ಗೊತ್ತಿದ್ದವಳು, ಕೇಳಿದವಳು ಆ ಹುಡುಗಿ ಒಬ್ಬಳೇ.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ಹೇಳಲು ನಾಚಿಕೆಯಾಗುತ್ತದೆ. ಅಷ್ಟು ಜನರ ಮುಂದೆ ಅವಳ ಮೇಲೆ ಎಗರಿದೆ. "ಜಾಗ ನೋಡಿ ಬಂದೋಳು ನೀನು. ನೆಲ ಅಗೆಯಂಗಿಲ್ಲ ಅಂತ ಗೊತ್ತಿದ್ದೋಳು ನೀನು. ಅಳತೆ ಹಾಕ್ಬೇಕಿತ್ತೋ ಬೇಡ್ವೋ?"

ಅವಳು ಒತ್ತನ್ನು ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿದಳು. "ಹೌದು ಆಂಟಿ" ಅಂದಳು. ಸ್ವಲ್ಪ ದೂರ ಹೋಗಿ ತನ್ನ ಮೇಷ್ಟ್ರಿಗೆ ಫೋನು ಮಾಡಿದಳು. ಗಾಳಿ ಈ ಕಡೆಗೇ ಬೀಸುತ್ತಿದ್ದುದರಿಂದ ಕೇಳಿಸಿತು. ತಪ್ಪು ತನ್ನದು, ಅಳತೆಯಲ್ಲಿ ಎಡವಿದ್ದು ತಾನು ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಗೆಳೆಯನೊಬ್ಬ ಒತ್ತು ಬಿಟ್ಟುಬಿಡೋಣ ಅಂದ. ಬಿಟ್ಟರೆ ಅದು ಪದವೇ ಅಲ್ಲ, ಬರೀ ಮರ ಅಂದೆ. ಆ ಹುಡುಗನ ಮೇಲೂ ರೇಗಿದೆ. ಮೇಸ್ತ್ರಿ ಟೇಪು ತೆಗೆದು ಒತ್ತಿನ ಎತ್ತರ ಅಳೆದರು. ಎರಡಡಿ. ಅಂಗೈ ಮೇಲೆ ಬರೆದುಕೊಂಡು ವ್ಯಾನು ಹತ್ತಿದರು.

ಮನೆಗೆ ಬಂದು ಪಾತ್ರೆ ಕುಕ್ಕಿದೆ. ನನ್ನ ಮಗಳಿಗೆ ಹದಿನೈದು. ಹುಟ್ಟಿದ್ದು ಇಲ್ಲೇ. ನಾನು ಕನ್ನಡದಲ್ಲೋ ಉರ್ದುವಿನಲ್ಲೋ ಏನು ಹೇಳಿದರೂ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷ್, ಅದೂ ಪಕ್ಕಾ ಡಬ್ಲಿನ್ ಧಾಟಿಯಲ್ಲಿ. ಅವಳಿಗೆ ನಡೆದದ್ದೆಲ್ಲ ಹೇಳಿದೆ. ಆ ಹುಡುಗಿಯದೇ ತಪ್ಪು ಅನ್ನುವ ಹಾಗೆ ಹೇಳಲು ನೋಡಿದೆ, ಆದರೆ ಎಷ್ಟು ಸುತ್ತಿ ಬಳಸಿದರೂ ಕತೆ ನನ್ನ ಹತ್ತಿರವೇ ಬಂದು ನಿಲ್ಲುತ್ತಿತ್ತು.

"ಬಟ್ ಶಿ ಆಸ್ಕ್ಡ್ ಯೂ, ಮ್ಯಾಮ್" ಅಂದಳು ಮಗಳು. ಇಲ್ಲಿನ ಮಕ್ಕಳು ಅಮ್ಮನನ್ನು ಕರೆಯುವುದೇ ಮ್ಯಾಮ್ ಅಂತ. ಅಷ್ಟೇ ಅಂದು ಫೋನಿಗೆ ಮುಖ ಹಾಕಿದಳು. ಅವಳಿಗೂ ಬೈದೆ. ಬೈದು ಮುಗಿದ ಮೇಲೆ ಅಡುಗೆಮನೆಯಲ್ಲಿ ನಿಂತು, ಹೌದಲ್ಲ, ಕೇಳಿದ್ದಳು, ಅಂದುಕೊಂಡೆ.

ಬುಧವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಶೆಡ್ಡಿಗೆ ಹೋದೆ. ಮೇಸ್ತ್ರಿ ಆಗಲೇ ಬಂದಿದ್ದರು. ನನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ: ಅಳತೆ ಕೊಟ್ಟಿದ್ದು ನಾನು, ಹುಡುಗಿ ಕೇಳಿದಾಗ ಬಾಯಿ ಮುಚ್ಚಿಸಿದ್ದು ನಾನು. ಇದಕ್ಕೆ ಮೊದಲು ಒಂದಕ್ಷರವನ್ನೂ ನಾನು ಎಳೆದವಳಲ್ಲ, ತುಂಬಿದವಳು ಎಂಬುದನ್ನೂ ಹೇಳಿದೆ. ಅವರು ಚಹಾದ ಮಗ್ ಕೆಳಗಿಟ್ಟು, ಈಗ ಎಳೆದಿದ್ದೀಯಲ್ಲ ಅಂದರು. ಆಮೇಲೆ ಒಂದು ಹಲಗೆಯ ಮೇಲೆ ತಾವು ಬರೆದಿದ್ದ ಚಿತ್ರ ತೋರಿಸಿದರು. ಒತ್ತು ಎರಡಡಿ ಕೆಳಗೆ ಇಳಿಯಬೇಕು ಅಂದರೆ ಇಡೀ ಪದ ಎರಡಡಿ ಮೇಲೆ ಏರಲಿ. ಎರಡಕ್ಷರಕ್ಕೂ ಕೆಳಗೆ ಒಂದು ಜಗಲಿ. ಜಗಲಿಯ ಅಡಿಯಲ್ಲಿ, 'ನಿ'ಯ ಕಾಲ ಕೆಳಗೆ, ಒತ್ತು. ಅದರೊಳಗೆ ದಪ್ಪ ತೊಲೆ ತುಂಬಿದರೆ ಒಂದು ಕಡೆಯ ಭಾರವನ್ನು ಅದೇ ಹೊರುತ್ತದೆ. ಗಾಲಿಕುರ್ಚಿಯವರೂ ಬರಬೇಕಲ್ಲ, ಅದಕ್ಕೆ ಕಾಲುವೆಯ ದಾರಿಯಿಂದ ಇಪ್ಪತ್ತನಾಲ್ಕು ಅಡಿಯ ಇಳಿಜಾರು. ಮರ ಎಲ್ಲಿಂದ ಎಂದು ಕೇಳಿದೆ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಅಂಗಡಿಯೊಂದರ ನೆಲಹಲಗೆಗಳನ್ನು ಗಲ್ಲದಿಂದ ತೋರಿಸಿದರು.

ಹುಡುಗಿ ಎಂಟು ಗಂಟೆಗೆ ಬಂದಳು. ಕಣ್ಣು ಊದಿತ್ತು. "ತಪ್ಪು ನಂದು ಕಣಮ್ಮ, ನಿನ್ನೆ ನಾನು..." ಅಂದೆ.

"ಆಂಟಿ, ಅದೆಲ್ಲ ಆಮೇಲೆ. ಮೊದ್ಲು ನಿಲ್ಸೋಣ" ಅಂದು ಗ್ಲೌಸ್ ಹಾಕಿಕೊಂಡಳು.

ಎರಡು ದಿನ ಶೆಡ್ಡಿನಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಮಾಲೀಕನಿಗೆ ಮೇಸ್ತ್ರಿ ಏನು ಹೇಳಿದರೋ ನನಗೆ ಇಂದಿಗೂ ಗೊತ್ತಿಲ್ಲ. ಯಾರೂ ಕರೆಯದಿದ್ದರೂ ಉಳಿದ ಮೂವರು ಬಡಗಿಗಳು ಬಂದು ಕೈ ಹಾಕಿದರು. ಅವರಲ್ಲಿ ಒಬ್ಬನಿಗೂ ಆ ಪದ ಓದಲು ಬರುತ್ತಿರಲಿಲ್ಲ. ನನ್ನ ಗಂಡ ಗುರುವಾರ ರಜೆ ಹಾಕಿ ಬಂದು ಹಲಗೆ ಹೊತ್ತ, ದಾರಿಯುದ್ದಕ್ಕೂ ತಮಾಷೆ ಮಾಡಿದ, ಆ ದಿನ ನಾನು ಎಲ್ಲದಕ್ಕೂ ನಕ್ಕೆ. ಗುರುವಾರ ಮಧ್ಯಾಹ್ನ ಕಾಲುವೆ ದಂಡೆಯಲ್ಲಿ ಒತ್ತನ್ನು ಹುಲ್ಲಿನ ಮೇಲಿಟ್ಟು, ಜಗಲಿ ಕೂರಿಸಿ, ಅದರ ಮೇಲೆ 'ನಿ'ಯನ್ನು ಇಳಿಸಿದೆವು. ಕೂತಿತು. ಒಂದು ಬೆರಳಿನ ಸಂದೂ ಉಳಿಯಲಿಲ್ಲ. ಮೇಸ್ತ್ರಿ 'ಗ್ರ್ಯಾಂಡ್' ಅಂದರು. ಕಣ್ಣು ಅಗಲವಾಗಿಯೇ ಇತ್ತು.

ಶುಕ್ರವಾರ ಮಳೆ. ಜೋರಿಲ್ಲ, ಇಲ್ಲಿನ ಅಭ್ಯಾಸದಂತೆ ಬಿಟ್ಟೂ ಬಿಡದ ಹನಿ. ಗಂಡ ಜುಮ್ಮಾ ನಮಾಜಿಗೆ ಹೋದ. ಶಾಲೆಗೆ ರಜೆಯಿದ್ದುದರಿಂದ ಮಗಳನ್ನು ಎಳೆದುಕೊಂಡು ನಾನು ಮೇನೂತ್‌ಗೆ ಹೋದೆ. ಹುಡುಗಿಯ ಇಬ್ಬರು ಮೇಷ್ಟ್ರುಗಳು ಬಂದಿದ್ದರು, ಹೊರಗಿನಿಂದ ಒಬ್ಬರು ಹೆಂಗಸು ಪರೀಕ್ಷಕಿ. ಗಿಡ್ಡ ಕೂದಲು, ಕೈಯಲ್ಲಿ ಪುಸ್ತಕ, ಮುಖದಲ್ಲಿ ಏನೂ ಕಾಣದು. ಅವರು ಇಳಿಜಾರು ಹತ್ತಿ 'ಬ'ದೊಳಗೆ ಹೋದರು. 'ಬ'ದ ತಲೆ ತೆರೆದಿರುವುದರಿಂದ ಒಳಗೆ ಹನಿ ಬೀಳುತ್ತಿತ್ತು. ಅಲ್ಲಿಂದ 'ನಿ'ಯೊಳಗೆ ಹೋದರು. ಅಲ್ಲಿ ಗುಡಿಸಿನ ಕೆಳಗೆ ಒಣಗಿದ್ದ ಹಳದಿ. ಕೆಳಗಿಳಿದು ಬಂದು ಒತ್ತಿನ ಮುಂದೆ ಮೊಣಕಾಲು ಬಗ್ಗಿಸಿ ಬಹಳ ಹೊತ್ತು ನೋಡಿದರು.

ಎದ್ದು ನಿಂತು ಹೇಳಿದರು: ಇಡೀ ಕೆಲಸದಲ್ಲಿ ತನಗೆ ಹಿಡಿಸಿದ್ದು ಇದೇ, ಪದವನ್ನು ನೆಲದಿಂದ ಎತ್ತಿ, ಕೆಳಗಿನ ಸಣ್ಣ ಅಕ್ಷರವೇ ಮೇಲಿನ ದೊಡ್ಡದನ್ನು ಹೊರುವ ಹಾಗೆ ಮಾಡಿದ್ದು. ಈ ನಿರ್ಧಾರಕ್ಕೆ ಹೇಗೆ ಬಂದೆ ಎಂದು ಹುಡುಗಿಯನ್ನು ಕೇಳಿದರು.

ಅವಳು ಸುಮ್ಮನೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಮೊದಲಿನಿಂದ ಹೀಗೇ ಯೋಚಿಸಿದ್ದೆ ಅಂದಿದ್ದರೆ ಅಲ್ಲಿ ಯಾರೂ ಅಲ್ಲಗಳೆಯುತ್ತಿರಲಿಲ್ಲ. ಅವಳು ತಲೆ ತಗ್ಗಿಸಿ, ನಿರ್ಧಾರವಲ್ಲ, ತಪ್ಪಿನಿಂದ ಬಂದದ್ದು, ಅಳತೆ ತಪ್ಪಿದ್ದು ತಾನು ಅಂದಳು. ಪರೀಕ್ಷಕಿ ಪುಸ್ತಕ ತೆರೆದು ಪೆನ್ನು ತೆಗೆದರು.

ನನ್ನ ಇಂಗ್ಲಿಷ್ ಜಗಳಕ್ಕೆ ಚೆನ್ನಾಗಿ ಒದಗುತ್ತದೆ, ತಪ್ಪೊಪ್ಪಿಗೆಗೆ ಸಾಲುವುದಿಲ್ಲ. ಮಗಳ ತೋಳು ಹಿಡಿದೆಳೆದು ಮುಂದೆ ನಿಲ್ಲಿಸಿ, "ನಾನು ಹೇಳಿದ್ದನ್ನ ಹಾಗೇ ಹೇಳು. ಒಂದು ಮಾತೂ ಬಿಡಬೇಡ" ಅಂದೆ. ಕನ್ನಡದಲ್ಲಿ ಶುರು ಮಾಡಿದೆ.

"ತಪ್ಪು ಅವಳದಲ್ಲ, ನಂದು. ಅಳತೆ ಕೊಟ್ಟೋಳು ನಾನು. ಅವಳು ಕೇಳಿದ್ಲು, ನಾನೇ ಬಾಯಿ ಮುಚ್ಚಿಸ್ದೆ. ಆಮೇಲೆ ಎಲ್ರ ಮುಂದೆ ಅವಳಿಗೇ ಬೈದೆ."

ಮಗಳು ತನ್ನ ಡಬ್ಲಿನ್ ಇಂಗ್ಲಿಷಿನಲ್ಲಿ ಒಂದೊಂದೇ ಮಾತನ್ನು ಇಟ್ಟಳು. ಅವಳ ಬಾಯಲ್ಲಿ ಅದು ನಾನು ಹೇಳಿದ್ದಕ್ಕಿಂತ ಖಾರವಾಗಿ ಕೇಳಿಸಿತು.

"ಇನ್ನೊಂದು. ನಾನು ಬೋರ್ಡು ಬರೀತಿದ್ದೆ ಅಂತ ಈ ಹುಡುಗಿಗೆ ಸುಳ್ಳು ಹೇಳಿದ್ದೆ. ನಮ್ಮಪ್ಪ ಬರೀತಿದ್ರು, ನಾನು ಬಣ್ಣ ತುಂಬ್ತಿದ್ದೆ ಅಷ್ಟೆ. ಈ ಎರಡಕ್ಷರ ಬಿಟ್ರೆ ನಾನು ಏನೂ ಎಳೆದಿಲ್ಲ."

ಮಗಳು ನನ್ನ ಮುಖ ನೋಡಿದಳು. ಅವಳಿಗೂ ಇದು ಗೊತ್ತಿರಲಿಲ್ಲ. ಗಂಡನಿಗೆ ಗೊತ್ತು, ಮಗಳ ಪಾಲಿಗೆ ಮಾತ್ರ ನಾನು ಬೋರ್ಡು ಬರೆದವಳೇ ಆಗಿದ್ದೆ. ಆಮೇಲೆ ಅವಳು ಮೆಲ್ಲಗೆ ಅದನ್ನೂ ಹೇಳಿದಳು. ಪರೀಕ್ಷಕಿ ನನ್ನನ್ನೇ ನೋಡುತ್ತ ಏನೋ ಕೇಳಿದರು. ಅದು ನನಗೆ ಅರ್ಥವಾಗಿತ್ತು, ಆದರೂ ಮಗಳು ನನ್ನ ಕಡೆ ತಿರುಗಿ, ತಡವರಿಸುತ್ತ, ಅವಳ ಬಾಯಿಂದ ನಾನು ಹಿಂದೆಂದೂ ಕೇಳದಷ್ಟು ಉದ್ದ ಕನ್ನಡದಲ್ಲಿ ಹೇಳಿದಳು: "ಅಮ್ಮಿ, ಫಸ್ಟ್ ಟೈಮ್ ಎಳೆದಿದ್ದು ಇಷ್ಟು ಚೆನ್ನಾಗಿ ಹೇಗೆ ಬಂತು ಅಂತ ಕೇಳ್ತಾ ಇದಾರೆ."

"ಒಳಗಿಂದ ಗೊತ್ತಿತ್ತು ಅಂತ ಹೇಳು" ಅಂದೆ.

ಪರೀಕ್ಷಕಿ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಏನೆಂದು ಹೇಳಲಿಲ್ಲ. ಅವರೆಲ್ಲ ಹೋದ ಮೇಲೆ ಹುಡುಗಿ ನನ್ನ ಹತ್ತಿರ ಬಂದಳು. ಬೈಯಲಿ ಎಂದು ಕಾದು ನಿಂತಿದ್ದೆ. "ಆಂಟಿ, ಮೊದಲ್ನೇ ದಿನವೇ ಇದನ್ನ ಹೇಳಿದ್ರೆ ನಾನು ನಿಮಗೆ ಕೊಡ್ತಾನೇ ಇರ್ಲಿಲ್ಲ" ಅಂದಳು. ಅಂದು ಜೋರಾಗಿ ನಕ್ಕು, ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಮಗಳು ನಮ್ಮಿಬ್ಬರ ಮೇಲೂ ಕೊಡೆ ಹಿಡಿದು ತಾನು ನೆನೆದಳು.

ಪಾಸಾದಳು. ಸುದ್ದಿ ಬರಲು ಹಲವು ವಾರ ಬೇಕಾಯಿತು, ಅಷ್ಟೂ ದಿನ ನನಗೆ ಊಟ ಸೇರಲಿಲ್ಲ. ಅವಳು ಈಗ ಡಬ್ಲಿನ್ನಿನಲ್ಲೇ ಕೆಲಸದಲ್ಲಿದ್ದಾಳೆ. ಆ ಮೂರು ವಾರ ನಾವು ಸಮಯ ಸಿಕ್ಕಾಗಲೆಲ್ಲ ಕಾಲುವೆ ದಂಡೆಗೆ ಹೋಗಿ ದೂರದಲ್ಲಿ ನಿಂತು ನೋಡುತ್ತಿದ್ದೆವು. ಪಕ್ಕದ ರೈಲು ಸ್ಟೇಷನ್ನಿಗೆ ಓಡುವವರು ಹನಿ ಜೋರಾದರೆ 'ನಿ'ಗೆ ನುಗ್ಗುತ್ತಿದ್ದರು. ಬಿಸಿಲು ಬಂದರೆ 'ಬ'ದೊಳಗೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಚಿಕ್ಕ ಮಕ್ಕಳು ಒತ್ತನ್ನು ಬಿಟ್ಟು ಏಳುತ್ತಿರಲಿಲ್ಲ. ಒಬ್ಬ ಅಜ್ಜಿ ನಾಯಿ ಹಿಡಿದುಕೊಂಡು ಬಂದು, ಇದರಲ್ಲಿ ಬಾಗಿಲು ಯಾವುದು ಎಂದು ನನ್ನನ್ನು ಕೇಳಿದರು. ಎಲ್ಲ ಕಡೆಯೂ ಅಂದೆ. ಲವ್ಲಿ ಅಂದು ಒಳಗೆ ಹೋದರು.

ನಾನು ಸುಲಭಕ್ಕೆ ಥ್ಯಾಂಕ್ಸ್ ಹೇಳುವವಳಲ್ಲ. ಅದು ನನ್ನ ಕೆಟ್ಟ ಗುಣ, ಗಂಡನನ್ನು ಕೇಳಿದರೆ ಉಳಿದವನ್ನೂ ಹೇಳುತ್ತಾನೆ. ಆದರೆ ಆ ಬೇಸಿಗೆಯ ಜನರನ್ನು ನೆನೆಯದೆ ಇರಲಾರೆ. ಓದಲು ಬಾರದ ಪದಕ್ಕಾಗಿ ಮೊಳೆ ಹೊಡೆದವರು. ಬೈಸಿಕೊಂಡರೂ ನನ್ನ ಹೆಸರನ್ನು ಫೋನಿನಲ್ಲಿ ಎತ್ತದ ಆ ಹುಡುಗಿ. ನನ್ನ ಮಾತನ್ನು ಒಂದಿಷ್ಟೂ ಸಿಹಿ ಮಾಡದೆ ದಾಟಿಸಿದ ನನ್ನ ಮಗಳು. ಅವರ ಋಣ ನನ್ನ ಮೇಲಿದೆ, ಅದನ್ನು ಇಲ್ಲಿ ಬರೆದಾದರೂ ಇಡಬೇಕು ಅನ್ನಿಸಿತು.

ಆ ಶುಕ್ರವಾರದ ನಂತರದ ಸೋಮವಾರ ಎಂದಿನಂತೆ ಕೆಲಸಕ್ಕೆ ಹೋದೆ. ಒಂದು ಔಷಧಿ ಅಂಗಡಿಗೆ ಬಾಗಿದ ಕೌಂಟರು ಮಾಡಬೇಕಿತ್ತು. ನಮ್ಮಲ್ಲಿ ಯಾವುದೇ ಕೆಲಸಕ್ಕೂ ಮೊದಲು ಬಿಳಿ ಹಲಗೆಯ ಮೇಲೆ ನಿಜವಾದ ಅಳತೆಯಲ್ಲಿ ಗೆರೆ ಎಳೆಯುತ್ತಾರೆ. ಆಮೇಲೆಯೇ ಯಾರಾದರೂ ಗರಗಸ ಮುಟ್ಟುವುದು. ಹನ್ನೊಂದು ವರ್ಷದಲ್ಲಿ ಆ ಗೆರೆಯನ್ನು ಮೇಸ್ತ್ರಿ ಒಬ್ಬರೇ ಎಳೆದದ್ದು ನಾನು ನೋಡಿದ್ದೇನೆ. ಇಪ್ಪತ್ತು ವರ್ಷ ಅನುಭವವಿದ್ದ ಬಡಗಿಗೂ ಬಿಟ್ಟುಕೊಟ್ಟವರಲ್ಲ. ನಾನು ಮಾಸ್ಕ್ ಹಾಕಿಕೊಂಡು ಉಜ್ಜುವ ಮೇಜಿನ ಕಡೆ ಹೊರಟಿದ್ದೆ. ಅವರು ಕರೆದು, ಬಿಳಿ ಹಲಗೆಯನ್ನು ನನ್ನ ಮುಂದೆ ಇಟ್ಟು, ಕೌಂಟರಿನ ಅಳತೆ ಬರೆದ ಚೀಟಿಯನ್ನು ಅದರ ಮೇಲಿಟ್ಟರು. ಇದನ್ನು ಎಳೆದಿಡು, ನಾನು ಚಹಾ ಕುಡಿದು ಬರುತ್ತೇನೆ ಅಂದು ಹೊರಟೇಹೋದರು.

ನನಗೆ ನಲವತ್ತೇಳು. ಖಾಲಿ ಹಲಗೆಯೊಂದನ್ನು ಯಾರೋ ತಾವಾಗಿ ನನ್ನ ಮುಂದೆ ಇಟ್ಟದ್ದು ಅದೇ ಮೊದಲು. ಶೆಡ್ಡಿನಲ್ಲಿ ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ, ಎಲ್ಲರೂ ಅವರವರ ಕೆಲಸದಲ್ಲಿದ್ದರು. ಮಾಸ್ಕ್ ತೆಗೆದು ಪಕ್ಕಕ್ಕಿಟ್ಟೆ. ಗೆರೆ ಎಳೆಯುವ ಮೊದಲು ಹಲಗೆಯನ್ನು ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ಎರಡು ಸಲ ಅಳೆದೆ.